‘ಎಲ್ಲಾರೂ ಕೇಳಕತ್ತಾರ್ರೀ’: ಸಾಫ್ಟ್‌ವೇರ್ ಮಾಡುವವರು ಬಹುಮತವನ್ನು ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ (ಕೃಷಿ ಮಾರುಕಟ್ಟೆ) 40 ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಸಂಜೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ ಬರೆಯುತ್ತಾರೆ: ‘ಹಳೇ ಪಟ್ಟಿ ಅಳಸಾಕ ಒಂದ್ ಬಟನ್ ಕೊಡ್ರಿ.’ (ಪಟ್ಟಿ ಅಂದರೆ ಮಾಲು ಮಾರಿದ ರೈತನಿಗೆ ದಲಾಲಿ ಅಂಗಡಿ ಕೊಡುವ ಲೆಕ್ಕದ ಕಾಗದ.) ರಾತ್ರಿಯೊಳಗೆ ಆ ಬೇಡಿಕೆಯ ಕೆಳಗೆ 22 ಹೆಬ್ಬೆರಳು ಬಿದ್ದಿರುತ್ತವೆ. ಬೆಳಿಗ್ಗೆ ಫೋನು: ‘ಎಲ್ಲಾರೂ ಕೇಳಕತ್ತಾರ್ರೀ, ಒಂದ್ ಬಟನ್ ಹಾಕಿದ್ರ ಏನಾಗ್ತದ?’ ಬಟನ್ ಹಾಕುವುದು ಅರ್ಧ ದಿನದ ಕೆಲಸ. ಅದರಿಂದಾಗುವ ಫಜೀತಿ ತಿಳಿಯುವುದು ಮಾತ್ರ ಎಂಟು ತಿಂಗಳು ಕಳೆದು, ಲೆಕ್ಕ ತಪಾಸಣೆಗೆ ಕುಳಿತಾಗ.

ಆ 22 ಹೆಬ್ಬೆರಳುಗಳನ್ನು ಏನು ಮಾಡಬೇಕು ಎಂಬುದೇ ಇಲ್ಲಿನ ವಿಷಯ. ಕಡೆಗಣಿಸಿದರೆ ಅಂಗಡಿಯವರು ಮತ್ತೆ ಕಾಗದದ ಕೆಂಪು ವಹಿಗೆ ಹೋಗುತ್ತಾರೆ. ಹಾಗೇ ಒಪ್ಪಿಕೊಂಡರೆ ಒಂದು ವರ್ಷದಲ್ಲಿ ಸಾಫ್ಟ್‌ವೇರ್ ಸಂತೆಯ ಗಂಟಾಗುತ್ತದೆ. ತೊಂದರೆ ಎಲ್ಲಿದೆ ಎಂಬ ವಿಷಯದಲ್ಲಿ ಬಳಕೆದಾರರ ಮಾತನ್ನು ನಂಬಬೇಕು, ಅದಕ್ಕೆ ಪರಿಹಾರ ಏನು ಎಂಬುದನ್ನು ನೀವೇ ಹುಡುಕಬೇಕು. ಅಲ್ಲಿಂದ ಇಲ್ಲಿಗೆ ಬರಲು ಹಿಡಿಯಬೇಕಾದ ಕ್ರಮ ಹೀಗಿದೆ.

ಬೇಡಿಕೆಗೆ ಒಂದು ವಹಿ

ಗ್ರೂಪಿನಲ್ಲಿ ಬಂದ ಬೇಡಿಕೆ ಗ್ರೂಪಿನಲ್ಲೇ ಉಳಿದರೆ ಜೋರು ದನಿಯವರ ಮಾತು ಮಾತ್ರ ನೆನಪಿರುತ್ತದೆ. ಹಾಗಾಗಿ ಒಂದು ಸ್ಪ್ರೆಡ್‌ಶೀಟ್ ತೆರೆದು ಏಳು ಕಾಲಂ ಮಾಡಿ: ದಿನಾಂಕ, ಅಂಗಡಿ ಸಂಖ್ಯೆ, ಮಾತಾಡಿದವರ ಕೆಲಸ (ಸಾಹುಕಾರ, ಗುಮಾಸ್ತ, ಲೆಕ್ಕಿಗ, ತೂಕದವ), ಅವರದೇ ಮಾತು, ಆಗ ಅವರು ಮಾಡುತ್ತಿದ್ದ ಕೆಲಸ, ಸದ್ಯಕ್ಕೆ ಅದನ್ನು ಹೇಗೆ ನಿಭಾಯಿಸುತ್ತಾರೆ, ವಾರಕ್ಕೆ ಎಷ್ಟು ಸಲ ಈ ತೊಂದರೆ ಬರುತ್ತದೆ.

ನಾಲ್ಕನೇ ಕಾಲಂನಲ್ಲೇ ಹೆಚ್ಚಿನವರು ಎಡವುವುದು. ಗುಮಾಸ್ತ ‘ಟೋಟಲ್ ಹೊಂದವಲ್ದು ನೋಡ್ರಿ’ ಎಂದರೆ ವಹಿಯಲ್ಲಿ ‘ವರದಿ ಸುಧಾರಣೆ’ ಎಂದು ಬರೆದುಬಿಡುತ್ತಾರೆ. ಮೂರು ವಾರದ ನಂತರ ಅದನ್ನು ಓದಿದ ಪ್ರೋಗ್ರಾಮರ್ ವರದಿಯ ಬಣ್ಣ ಬದಲಿಸಿ, ಒಂದು ಚಂದದ ಗ್ರಾಫ್ ಹಾಕಿ ಕೊಡುತ್ತಾನೆ. ಟೋಟಲ್ ಅವತ್ತಿಗೂ ಹೊಂದುವುದಿಲ್ಲ. ಅವರು ಹೇಗೆ ಹೇಳಿದರೋ ಹಾಗೇ, ಅದೇ ಆಡುಮಾತಿನಲ್ಲಿ, ಬರೆಯಿರಿ. ತೆಲುಗಿನಲ್ಲೋ ಉರ್ದುವಿನಲ್ಲೋ ಹೇಳಿದ್ದರೆ ಅದನ್ನೇ ಕನ್ನಡ ಲಿಪಿಯಲ್ಲಿ ಬರೆದಿಟ್ಟು ಪಕ್ಕದಲ್ಲಿ ಅರ್ಥ ಹಾಕಿ.

ಆರನೇ ಕಾಲಂ ಖಾಲಿ ಉಳಿದರೆ ಎಚ್ಚರವಿರಲಿ. ನಿಜವಾಗಿ ತೊಂದರೆ ಇರುವವರು ಅದಕ್ಕೆ ಆಗಲೇ ಏನೋ ಒಂದು ದಾರಿ ಮಾಡಿಕೊಂಡಿರುತ್ತಾರೆ: ಮಾನಿಟರಿಗೆ ಅಂಟಿಸಿದ ಚೀಟಿ, ಪಕ್ಕದಲ್ಲೊಂದು ಕ್ಯಾಲ್ಕ್ಯುಲೇಟರ್, ಹಿಂದೆ ಬರೆದಿಟ್ಟ ವಹಿ. ಯಾವ ದಾರಿಯನ್ನೂ ಮಾಡಿಕೊಂಡಿಲ್ಲ ಎಂದರೆ ಅದು ಬಹುಶಃ ಕೇಳುವಾಗ ಹೊಳೆದ ಆಸೆ.

ಹೆಬ್ಬೆರಳು ಎಣಿಸುವ ಮೊದಲು

22 ಹೆಬ್ಬೆರಳು ಅಂದರೆ 22 ಅಂಗಡಿಯಲ್ಲ. ಒಂದೇ ಅಂಗಡಿಯ ಅಣ್ಣ, ತಮ್ಮ, ಮಗ ಮೂವರೂ ಗ್ರೂಪಿನಲ್ಲಿರುತ್ತಾರೆ. ಅಂಗಡಿಗೆ ಒಂದರಂತೆ ಎಣಿಸಿದರೆ 22 ಇದ್ದದ್ದು 13ಕ್ಕೋ 14ಕ್ಕೋ ಇಳಿಯುವುದು ಸಾಮಾನ್ಯ.

ಎರಡನೆಯದಾಗಿ, ಗ್ರೂಪಿನಲ್ಲಿ ಇಲ್ಲದವರು ಯಾರು ಎಂದು ನೋಡಿ. ದಿನಕ್ಕೆ ಎಂಟು ಗಂಟೆ ಕೀಲಿಮಣೆ ಕುಟ್ಟುವವನು ಗುಮಾಸ್ತ. ಅವನು ಗ್ರೂಪಿನಲ್ಲಿ ಇರುವುದಿಲ್ಲ, ಇದ್ದರೂ ಸಾಹುಕಾರರ ಮುಂದೆ ಬಾಯಿ ಬಿಡುವುದಿಲ್ಲ. ಕೊನೆಗೆ ಕಾಗದ ಕೈಗೆ ಬರುವ ರೈತನಂತೂ ಎಲ್ಲೂ ಇಲ್ಲ. ಹಣ ಕೊಡುವವರು, ಬಳಸುವವರು, ಫಲ ಉಣ್ಣುವವರು ಬೇರೆಬೇರೆ ಆಗಿರುವ ಕಡೆ ಒಂದೇ ಪಟ್ಟಿಯಲ್ಲಿ ಎಲ್ಲರ ಮತ ಕೂಡಿಸುವುದು ತೊಗರಿ, ಹತ್ತಿ, ಭತ್ತವನ್ನು ಒಂದೇ ಚೀಲಕ್ಕೆ ಸುರಿದು ತೂಗಿದ ಹಾಗೆ. ವಹಿಯ ಮೂರನೇ ಕಾಲಂ ಇರುವುದು ಇದಕ್ಕೇ: ಪ್ರತಿ ಗುಂಪಿನ ಲೆಕ್ಕ ಬೇರೆ ಇಡಿ.

ಮಾತಾಡುವವರು ಎಲ್ಲ ಕಡೆಯೂ ಕೆಲವರೇ. ಬಳಕೆ ವಿನ್ಯಾಸದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಯಾಕೊಬ್ ನೀಲ್ಸನ್ 2006ರಲ್ಲಿ ಇದಕ್ಕೊಂದು ಒರಟು ಅಂದಾಜು ಕೊಟ್ಟರು: ಆನ್‌ಲೈನ್ ಗುಂಪುಗಳಲ್ಲಿ ಶೇ 90 ಮಂದಿ ಓದಿ ಸುಮ್ಮನಿರುತ್ತಾರೆ, ಶೇ 9 ಮಂದಿ ಆಗೊಮ್ಮೆ ಈಗೊಮ್ಮೆ ಮಾತಾಡುತ್ತಾರೆ, ಉಳಿದ ಶೇ 1 ಮಂದಿಯೇ ಬಹುಪಾಲು ಬರೆಯುವವರು. ನಿಮ್ಮ ಗ್ರೂಪಿನಲ್ಲಿ ಇದು ಹೆಚ್ಚುಕಡಿಮೆ ಆಗಬಹುದು, ಚಿತ್ರ ಮಾತ್ರ ಅದೇ.

ಮೂರನೆಯದು ಸಣ್ಣ ಸಂಖ್ಯೆಯ ಮೋಸ. 20 ಜನರನ್ನು ಕೇಳಿದಿರಿ, 12 ಮಂದಿ ಬೇಕು ಎಂದರು. ‘ಶೇ 60 ಮಂದಿಗೆ ಬೇಕು’ ಎಂದು ಹೇಳಬೇಡಿ. ಆ 20 ಜನರನ್ನು ಚೀಟಿ ಎತ್ತಿ ಆರಿಸಿದ್ದರೂ, ದೊಡ್ಡ ಬಳಕೆದಾರರ ಸಮೂಹದಲ್ಲಿ ನಿಜವಾದ ಪ್ರಮಾಣ ಶೇ 39ರಿಂದ 78ರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಅದೂ ನೂರಕ್ಕೆ 95ರ ಭರವಸೆಯಲ್ಲಿ. ಅಂದರೆ ಅಲ್ಪಮತವೂ ಆಗಿರಬಹುದು. ಚೀಟಿ ಎತ್ತದೆ ಕೈಗೆ ಸಿಕ್ಕವರನ್ನು ಕೇಳಿದ್ದರೆ ಈ ಲೆಕ್ಕವೂ ನಡೆಯುವುದಿಲ್ಲ. ಸಣ್ಣ ಸಂಖ್ಯೆಗೆ ಶೇಕಡಾವಾರು ಹಾಕದೆ ‘20ರಲ್ಲಿ 12’ ಎಂದೇ ಬರೆದಿಡಿ.

ಕೇಳುವ ಮೂರು ಪ್ರಶ್ನೆ, ಕೇಳಬಾರದ ಒಂದು

ಕೇಳಬಾರದ್ದು: ‘ಈ ಸೌಲಭ್ಯ ಬೇಕೇನ್ರಿ?’ ನಮ್ಮ ಕಡೆ ಮನೆಗೆ, ಅಂಗಡಿಗೆ ಬಂದವರಿಗೆ ಚಹಾ ಕೊಟ್ಟು ‘ಚಲೋ ಅದ, ಇರ್ಲಿ ಬಿಡ್ರಿ’ ಅನ್ನುವುದೇ ರೂಢಿ. ಬೇಡ ಎನ್ನುವುದು ಮರ್ಯಾದೆಯಲ್ಲ. ಈ ಪ್ರಶ್ನೆಗೆ ಬರುವ ಹೌದು ಚಹಾದ ಜತೆಗಿನ ಬಿಸ್ಕತ್ತಿನಂತೆ, ಅದನ್ನು ಮತ ಎಂದು ಎಣಿಸುವಂತಿಲ್ಲ.

ಕೇಳಬೇಕಾದವು:
1. ಇದು ಕಡೇ ಸಲ ಯಾವಾಗ ಬೇಕಾಗಿತ್ತು?
2. ಆವಾಗ ಏನು ಮಾಡಿದ್ರಿ? ಮಾಡಿ ತೋರಿಸಿ.
3. ಅದರಿಂದ ಏನು ಹೋಯ್ತು: ಹೊತ್ತೋ, ದುಡ್ಡೋ, ರೈತನ ಎದುರು ಮಾತೋ?

ಅಳಿಸುವ ಬಟನ್‌ಗೆ ಈ ಪ್ರಶ್ನೆಗಳನ್ನು ಹಾಕಿ ನೋಡಿ. ಒಬ್ಬರು ಹೇಳುವುದು: ಒಂದೇ ಹೆಸರಿನ ಇಬ್ಬರು ರೈತರು, ಮಾನ್ವಿ ಕಡೆಯವರದು ಸಿರವಾರದವರ ಖಾತೆಗೆ ಬಿತ್ತು. ಇನ್ನೊಬ್ಬರದು: ತೂಕದಲ್ಲಿ 624 ಹೊಡೆಯುವ ಬದಲು 6240 ಹೊಡೆದೆ, ಮುದ್ರಣವಾದ ಮೇಲೆ ಕಂಡಿತು. ಮೂರನೆಯವರದು: ಹೊಸ ಗುಮಾಸ್ತನಿಗೆ ಕಲಿಸಲು ನಾಲ್ಕು ಸುಳ್ಳು ಪಟ್ಟಿ ಮಾಡಿದ್ದೆ, ಅವು ಕಿರ್ದಿಯಲ್ಲಿ (ದಿನದ ವಹಿವಾಟು ಬರೆಯುವ ವಹಿ) ಕುಳಿತಿವೆ. ನಾಲ್ಕನೆಯವರು ಏನೂ ಹೇಳದೆ ನಗುತ್ತಾರೆ. ಅವರ ಕಾರಣ ಬೇರೆ ಎಂದು ತಿಳಿದುಕೊಂಡು ಮುಂದೆ ಹೋಗಿ.

ಒಂದೇ ಬೇಡಿಕೆಯ ಹೊಟ್ಟೆಯಲ್ಲಿ ಮೂರು ಬೇರೆ ತೊಂದರೆ ಸಿಕ್ಕವು. ಮೊದಲನೆಯದಕ್ಕೆ ರೈತರನ್ನು ಆರಿಸುವ ಪಟ್ಟಿಯಲ್ಲಿ ಹೆಸರಿನ ಜತೆ ತಂದೆಯ ಹೆಸರು, ಊರು, ಮೊಬೈಲಿನ ಕೊನೆಯ 4 ಅಂಕಿ ತೋರಿಸಿ. ಎರಡನೆಯದಕ್ಕೆ, ಆ ಲಾಟಿನ (ಒಟ್ಟಿಗೆ ಮಾರಿದ ಮಾಲಿನ) ಚೀಲಗಳ ಸಂಖ್ಯೆಗೂ ಒಟ್ಟು ತೂಕಕ್ಕೂ ತಾಳೆ ನೋಡಿ, ಸರಾಸರಿ ಚೀಲ 50 ಕೆಜಿಗಿಂತ ಕಡಿಮೆ ಅಥವಾ 90 ಕೆಜಿ ಮೀರಿದರೆ ಮುದ್ರಣಕ್ಕೆ ಮೊದಲೇ ತಡೆದು ಕೇಳಿ (ಈ ಗಡಿಗಳನ್ನು ಸರಕಿಗೆ ತಕ್ಕಂತೆ ಬದಲಿಸಿಕೊಳ್ಳಿ, ಹತ್ತಿಗೆ ಇದು ನಡೆಯದು). ಮೂರನೆಯದಕ್ಕೆ ‘ಕಲಿಕೆ’ ಎಂಬ ಬೇರೆ ಖಾತೆ. ಇವೆಲ್ಲ ದಾಟಿಯೂ ತಪ್ಪಾದ ಪಟ್ಟಿಗೆ ‘ರದ್ದು’ ಬಟನ್: ಹಳೆಯದರ ಮೇಲೆ ಅಡ್ಡಗೆರೆ, ಎದುರು ನಮೂದು (ಅದೇ ಮೊತ್ತವನ್ನು ಕಳೆಯುವ ಸಾಲು), ರದ್ದು ಮಾಡಿದವರ ಹೆಸರು ಮತ್ತು ಹೊತ್ತು. ಅಳಿಸುವುದು ಮಾತ್ರ ಇಲ್ಲ.

ಯಾವುದಕ್ಕೆ ಮತ ಹಾಕಿಸಲೇಬಾರದು

ಅಳಿಸುವ ಬಟನ್ ಕೊಡದಿರುವುದು ಹಟವಲ್ಲ. ಜಿಎಸ್‌ಟಿ ನೋಂದಣಿ ಇರುವವರ ಲೆಕ್ಕಕ್ಕೆ ಕೇಂದ್ರ ಜಿಎಸ್‌ಟಿ ನಿಯಮ 56(8) ಅನ್ವಯಿಸುತ್ತದೆ: ನಮೂದನ್ನು ಅಳಿಸುವಂತಿಲ್ಲ, ಮೇಲೆ ಬರೆಯುವಂತಿಲ್ಲ, ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ತಿದ್ದಿದ, ತೆಗೆದ ಪ್ರತಿ ನಮೂದಿನ ದಾಖಲೆ ಇರಬೇಕು. ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಇನ್ನೂ ಬಿಗಿ: 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಬದಲಾವಣೆಯ ಜಾಡು ದಾಖಲಾಗಬೇಕು, ಅದನ್ನು ಬಂದ್ ಮಾಡುವ ಸ್ವಿಚ್ ಇರಕೂಡದು. ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು. 40 ಅಂಗಡಿಗಳೂ ಕೈ ಎತ್ತಿದರೂ ಇವು ಬದಲಾಗವು.

ಕಾನೂನಿನಷ್ಟೇ ಗಟ್ಟಿ ಇನ್ನೊಂದಿದೆ, ಗಣಿತ. ತುಂಗಭದ್ರಾ ಕಾಲುವೆ ಸೀಮೆಯಲ್ಲಿ ಭತ್ತದ ದರ ಮಾತಾಡುವುದು 75 ಕೆಜಿ ಚೀಲಕ್ಕೆ. ಸರ್ಕಾರಿ ಕಾಗದ, ಬೆಂಬಲ ಬೆಲೆ ಎಲ್ಲ ಕ್ವಿಂಟಲ್‌ಗೆ. ‘ಎಲ್ಲಾ ಕ್ವಿಂಟಲ್‌ನಾಗ ಇಡ್ರಿ, ಒಂದೇ ಲೆಕ್ಕ’ ಎಂಬ ಬೇಡಿಕೆ ಬಂದೇ ಬರುತ್ತದೆ, ಮೇಲ್ನೋಟಕ್ಕೆ ಸರಿಯಾಗಿಯೂ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಚೀಲಕ್ಕೆ 1,750 ರೂ., ತೂಕ 6,240 ಕೆಜಿ. 6,240ನ್ನು 75ರಿಂದ ಭಾಗಿಸಿದರೆ 83.2 ಚೀಲ, ಮೊತ್ತ 1,45,600 ರೂ. ಅದೇ ದರವನ್ನು ಕ್ವಿಂಟಲ್‌ಗೆ ತಿರುಗಿಸಿದರೆ 2,333.33 ರೂ.; ಯಾರೋ ಅದನ್ನು 2,333 ಎಂದು ಉಳಿಸಿಕೊಂಡರೆ 62.4 ಕ್ವಿಂಟಲ್‌ಗೆ 1,45,579.20 ರೂ. ರೈತನ ಕೈಗೆ 20 ರೂಪಾಯಿ 80 ಪೈಸೆ ಕಡಿಮೆ. ಮೊತ್ತ ಸಣ್ಣದು. ಆದರೆ ರೈತ ಮೊಬೈಲಿನಲ್ಲಿ 83.2 ಇಂಟು 1,750 ಒತ್ತಿ ನೋಡಿದ ದಿನ ಅಂಗಡಿಯ ಹೆಸರು ಹೋಗುತ್ತದೆ, ಅದರ ಹಿಂದೆಯೇ ನಿಮ್ಮದೂ.

ಸರಿಯಾದ ಕ್ರಮ: ತೂಕವನ್ನು ಗ್ರಾಂ ಲೆಕ್ಕದಲ್ಲಿ, ದರವನ್ನು ಪೈಸೆಯಲ್ಲಿ, ಎರಡನ್ನೂ ಪೂರ್ಣಾಂಕವಾಗಿ ಇಡಿ. ದರದ ಜತೆಗೆ ಅದು ಎಷ್ಟು ಗ್ರಾಂಗೆ ಎಂಬುದನ್ನೂ (75,000 ಅಥವಾ 1,00,000) ಇಡಿ. ಮೊದಲು ಗುಣಿಸಿ, ಕೊನೆಗೊಮ್ಮೆ ಮಾತ್ರ ಭಾಗಿಸಿ, ಸರಿಪಡಿಸುವುದು ಕೊನೆಯ ಮೊತ್ತಕ್ಕೆ ಒಂದೇ ಸಲ. ದಶಮಾಂಶವನ್ನು ಕಂಪ್ಯೂಟರಿನ ತೇಲುಬಿಂದು ಸಂಖ್ಯೆಯಲ್ಲಿ (ಫ್ಲೋಟ್, ದಶಮಾಂಶವನ್ನು ಹತ್ತಿರದ ಅಂದಾಜಿನಲ್ಲಿ ಇಡುವ ಬಗೆ) ಇಟ್ಟರೆ 0.1ಕ್ಕೆ 0.2 ಕೂಡಿದಾಗ 0.30000000000000004 ಬರುತ್ತದೆ ಎಂಬುದು ಪ್ರೋಗ್ರಾಮ್ ಬರೆಯುವವರಿಗೆಲ್ಲ ಗೊತ್ತು, ಗೊತ್ತಿದ್ದೂ ಹಣಕ್ಕೆ ಅದನ್ನೇ ಬಳಸುವವರು ಇನ್ನೂ ಇದ್ದಾರೆ. ಪರದೆಯ ಮೇಲೆ, ಕಾಗದದ ಮೇಲೆ ಚೀಲ ತೋರಿಸಬೇಕೋ ಕ್ವಿಂಟಲ್ ತೋರಿಸಬೇಕೋ ಎನ್ನುವುದಕ್ಕೆ ಧಾರಾಳವಾಗಿ ಮತ ಹಾಕಿಸಿ.

ಮತಕ್ಕೆ ಹಾಕಬಾರದ ಉಳಿದವು ಹೇಳಿದರೆ ಸಾಕು: ಪಾಸ್‌ವರ್ಡ್ ಬೇಕೋ ಬೇಡವೋ, ಬ್ಯಾಕಪ್ ದಿನಾ ಆಗಬೇಕೋ, ಯಾರ ಖಾತೆ ಯಾರು ನೋಡಬಹುದು. ಇವು ಕೈಕೊಟ್ಟಾಗ ನಷ್ಟ ಮತ ಹಾಕಿದವರಿಗಷ್ಟೇ ಆಗುವುದಿಲ್ಲ, ಪಟ್ಟಿಯಲ್ಲಿ ಹೆಸರಿರುವ ರೈತನಿಗೂ ಆಗುತ್ತದೆ, ಅವನನ್ನು ಯಾರೂ ಕೇಳಿರುವುದಿಲ್ಲ.

ಅಂಚಿನಲ್ಲಿ ಜನರ ರೂಢಿ, ಒಳಗೆ ಯೂನಿಕೋಡ್

ಜನರ ರೂಢಿಗೂ ತಾಂತ್ರಿಕ ಸರಿತನಕ್ಕೂ ಜಗಳ ಬಂದಾಗ ಹೇಗೆ ಬಗೆಹರಿಸಬೇಕು ಎಂಬುದಕ್ಕೆ ಕನ್ನಡದ ಟೈಪಿಂಗಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಭಾರತದ ಎಲ್ಲ ಲಿಪಿಗೂ ಒಂದೇ ವಿನ್ಯಾಸ ಎಂಬ ತರ್ಕದ ಮೇಲೆ ನಿಂತದ್ದು. ಕರ್ನಾಟಕ ಸರ್ಕಾರ ಒಪ್ಪಿದ್ದು ಕೆ.ಪಿ. ರಾವ್ ಅವರ ವಿನ್ಯಾಸವನ್ನು; ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದೊಂದಿಗೆ ಕಚೇರಿಗಳಲ್ಲಿ ಕೈ ಕುದುರಿದ್ದೂ ಅದಕ್ಕೇ. ಈಗ ಮೊಬೈಲಿನಲ್ಲಿ ಬೆಳೆದ ಹುಡುಗರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸಿಕೊಳ್ಳುತ್ತಾರೆ. ಯಾವುದು ‘ವೈಜ್ಞಾನಿಕ’ ಎಂದು ವಾದ ಮಾಡುತ್ತ ಕೂರಬೇಡಿ. ಬೆರಳಿನ ಅಭ್ಯಾಸದ ವಿಷಯದಲ್ಲಿ ಬಹುಮತವೂ ಸರಿ, ಅಲ್ಪಮತವೂ ಸರಿ. ಮೂರಕ್ಕೂ ಜಾಗ ಕೊಡಿ.

ಶೇಖರಣೆ ಬೇರೆ ಮಾತು. ಬಳ್ಳಾರಿ, ಕೊಪ್ಪಳದ ಡಿಟಿಪಿ (ಮುದ್ರಣಕ್ಕೆ ಪುಟ ಜೋಡಿಸುವ) ಅಂಗಡಿಗೆ ಹೋಗಿ ಕೇಳಿದರೆ ‘ನುಡಿ 01 ಇ’ ಫಾಂಟಿನಲ್ಲಿ ಕೊಡಿ ಎನ್ನುತ್ತಾರೆ. ಅವರ ಬಳಿ ಇರುವ ಹಳೆಯ ಪೇಜ್‌ಮೇಕರ್ ತಂತ್ರಾಂಶ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ, ಹಾಗಾಗಿ ಬೇಡಿಕೆ ನ್ಯಾಯದ್ದೇ. ಆದರೆ ಆ ಹಳೆಯ ಫಾಂಟಿನ ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಡೇಟಾಬೇಸಿನಲ್ಲಿ ಅದನ್ನೇ ಇಟ್ಟರೆ ಹುಡುಕಾಟ ಕೆಲಸ ಮಾಡದು, ಅಕಾರಾದಿ ಜೋಡಣೆ ಹಾಳು, ರೈತನ ಮೊಬೈಲಿಗೆ ಹೋದ ಎಸ್‌ಎಂಎಸ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಆದ್ದರಿಂದ ಒಳಗೆ ಯೂನಿಕೋಡ್ ಒಂದೇ, ಹೊರಗೆ ಕಳಿಸುವ ಕಡೆ ‘ಡಿಟಿಪಿಗಾಗಿ’ ಎಂಬ ಬಟನ್, ಅದರ ಹಿಂದೆ ಪರಿವರ್ತಕ. ಅರ್ಕಾವೊತ್ತು, ಎರಡು ಒತ್ತು ಒಟ್ಟಿಗೆ ಬರುವ ಪದಗಳಲ್ಲಿ ಪರಿವರ್ತಕಗಳು ಎಡವುತ್ತವೆ. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’, ‘ಮಾರ್ಚ್’, ‘ಅರ್ಹತೆ’ ಇಂಥ 50 ಪದ ಜೋಡಿಸಿಕೊಂಡು ಪ್ರತಿ ಆವೃತ್ತಿಗೂ ಹಾಯಿಸಿ ನೋಡಿ.

ಇದೇ ಅಳತೆಗೋಲನ್ನು ಬೇರೆ ಬೇಡಿಕೆಗೂ ಹಿಡಿಯಬಹುದು: ಕೇಳುತ್ತಿರುವುದು ಕಣ್ಣಿಗೆ, ಬೆರಳಿಗೆ, ಕಾಗದಕ್ಕೆ ಸಂಬಂಧಿಸಿದ್ದೋ, ಒಳಗಿನ ದಾಖಲೆಗೆ ಸಂಬಂಧಿಸಿದ್ದೋ?

ಕೇಳುವುದಕ್ಕಿಂತ ನೋಡುವುದು ಮೇಲು

ಇಲ್ಲಿಯವರೆಗೆ ಬಾಯಿಮಾತು. ಮಾತಿನಲ್ಲಿ ‘ಭಾಳ ಸುಲಭ ಅದರಿ’ ಎಂದವರೇ ಪರದೆಯ ಮುಂದೆ ಎರಡು ನಿಮಿಷ ತಡಕಾಡುತ್ತಾರೆ. ಹೊಸ ವಿನ್ಯಾಸವನ್ನು ಮತಕ್ಕೆ ಹಾಕುವ ಮೊದಲು ಐದು ಗುಮಾಸ್ತರ ಕೈಗೆ ಕೊಟ್ಟು ನೋಡಿ.

ಐದೇ ಯಾಕೆ? ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಕಂಡುಕೊಂಡ ಸರಾಸರಿಯಂತೆ ಒಬ್ಬ ಬಳಕೆದಾರನಿಂದ ವಿನ್ಯಾಸದ ಸುಮಾರು ಶೇ 31 ದೋಷ ಹೊರಬೀಳುತ್ತವೆ. ಹಾಗಿದ್ದರೆ ಐದೂ ಜನರ ಕಣ್ಣು ತಪ್ಪಿ ಉಳಿಯುವುದು 0.69ರ ಐದನೇ ಘಾತ, ಅಂದರೆ ಸುಮಾರು ಶೇ 16. ಉಳಿದ ಶೇ 84 ಸಿಕ್ಕವು. ಆದರೆ ಈ ಲೆಕ್ಕವನ್ನು ಮಂತ್ರದಂತೆ ಜಪಿಸುವವರು ಒಂದು ಮರೆಯುತ್ತಾರೆ: ದೋಷ ಅಪರೂಪದ್ದಾಗಿ ಒಬ್ಬನಿಂದ ಶೇ 10 ಮಾತ್ರ ಕಾಣುವಂಥದ್ದಾದರೆ ಐದು ಜನರಿಂದ ಸಿಗುವುದು ಶೇ 41. ಮತ್ತೆ, ಐವರೂ ಒಂದೇ ಬಗೆಯ ಕೆಲಸದವರಾಗಿರಬೇಕು. ಗುಮಾಸ್ತರು ಐದು, ಲೆಕ್ಕಿಗರು ಬೇರೆ ಐದು.

ಮಾಡುವ ಬಗೆ: ನಿಜವಾದ ಹಳೆಯ ಚೀಟಿಗಳಿಂದ 5 ಲಾಟ್ ಬರೆದ ಕಾಗದ ಕೊಡಿ, ಹೆಸರುಗಳನ್ನು ಬದಲಿಸಿ. ಅವುಗಳಲ್ಲಿ ಒಂದು ರದ್ದು ಮಾಡಬೇಕಾದದ್ದು, ಒಂದು 75 ಕೆಜಿ ದರದ್ದು, ಒಂದು ಒಂದೇ ಹೆಸರಿನ ಇಬ್ಬರದ್ದು ಇರಲಿ. ಮೊಬೈಲಿನಲ್ಲಿ ಹೊತ್ತು ಹಿಡಿಯಿರಿ. ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಸಿಕ್ಕಿಬಿದ್ದಾಗ ತೋರಿಸಿಕೊಡಲು ಬೆರಳು ಚಾಚುವ ಆಸೆ ಬರುತ್ತದೆ, ಕೈ ಕಟ್ಟಿಕೊಂಡು ಕೂರಿ. ಮೌಸ್‌ಗೆ ಕೈ ಎಷ್ಟು ಸಲ ಹೋಯಿತು ಎಣಿಸಿ: ಹಳೆಯ ಗುಮಾಸ್ತರು ಬಲಗೈಯನ್ನು ಅಂಕಿಗಳ ಕೀಲಿಗಳ ಮೇಲೆ ಇಟ್ಟು ಎಂಟರ್ ಒತ್ತುತ್ತಲೇ ಪಟ್ಟಿ ಮುಗಿಸುವವರು, ಪ್ರತಿ ಮೌಸ್ ಯಾತ್ರೆ ಅವರಿಗೆ ಶಿಕ್ಷೆ. ಪರೀಕ್ಷೆಯನ್ನು ಮಟಮಟ ಮಧ್ಯಾಹ್ನ ಖಾಲಿ ಅಂಗಡಿಯಲ್ಲಿ ಮಾಡಿದರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಸುಗ್ಗಿಯಲ್ಲಿ, ಎದುರಿಗೆ ಹತ್ತು ಜನ ರೈತರು ನಿಂತಿರುವಾಗ, ಮಧ್ಯೆ ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂಬುದನ್ನೂ ಒಮ್ಮೆ ದೂರ ನಿಂತು ನೋಡಿ.

30 ಪಟ್ಟಿಯಲ್ಲಿ ಒಂದೂ ತಪ್ಪು ಬರಲಿಲ್ಲ ಎಂದು ಬೀಗಬೇಡಿ. ತಪ್ಪೇ ಕಾಣದಿದ್ದಾಗ 3ನ್ನು ಪಟ್ಟಿಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ತಪ್ಪಿನ ಪ್ರಮಾಣದ ಸುಮಾರು ಮೇಲ್ಮಿತಿ: 30ಕ್ಕೆ ಶೇ 10, 300ಕ್ಕೆ ಶೇ 1.

ಮತ ಹಾಕಿಸಬೇಕಾದಾಗ

ಹೆಸರು, ಕ್ರಮ, ಅಕ್ಷರದ ಗಾತ್ರ, ಮುದ್ರಣದ ಅಳತೆ, ತೆರೆದ ಕೂಡಲೇ ಯಾವ ಪರದೆ ಬರಬೇಕು: ಇವು ಮತಕ್ಕೆ ಯೋಗ್ಯ. ಅಲ್ಲಿಯೂ ‘ಒಂದನ್ನು ಆರಿಸಿ’ ಎನ್ನುವ ಮತ ಕೆಟ್ಟದ್ದು. ಒಂಬತ್ತು ಅಂಗಡಿ ತೆಗೆದುಕೊಳ್ಳಿ. ಮೂರಕ್ಕೆ ಮೊದಲು ಕಿರ್ದಿ, ಆಮೇಲೆ ಪಟ್ಟಿ, ಕೊನೆಗೆ ಖಾತೆ ಇಷ್ಟ. ಮೂರಕ್ಕೆ ಪಟ್ಟಿ, ಖಾತೆ, ಕಿರ್ದಿ. ಇನ್ನು ಮೂರಕ್ಕೆ ಖಾತೆ, ಕಿರ್ದಿ, ಪಟ್ಟಿ. ಎರಡೆರಡನ್ನು ಎದುರುಬದುರು ಇಟ್ಟರೆ ಕಿರ್ದಿ ಪಟ್ಟಿಯನ್ನು 6-3ರಿಂದ ಸೋಲಿಸುತ್ತದೆ, ಪಟ್ಟಿ ಖಾತೆಯನ್ನು 6-3ರಿಂದ, ಖಾತೆ ಮತ್ತೆ ಕಿರ್ದಿಯನ್ನು 6-3ರಿಂದ. ಬಹುಮತ ಸುತ್ತು ಹೊಡೆಯುತ್ತದೆ. ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲೇ ತೋರಿಸಿದ ತೊಡಕು ಇದು. ಇಂಥ ಕಡೆ ‘ಜನರ ಇಚ್ಛೆ’ ಎಂಬ ಒಂದು ವಸ್ತುವೇ ಇರುವುದಿಲ್ಲ, ಪ್ರಶ್ನೆ ಕೇಳಿದ ಕ್ರಮವೇ ಉತ್ತರವನ್ನು ತೀರ್ಮಾನಿಸುತ್ತದೆ.

ಅದಕ್ಕೆ ‘ನಿಮಗೆ ನಡೆಯುವ ಎಲ್ಲದಕ್ಕೂ ಟಿಕ್ ಹಾಕಿ’ ಎಂದು ಕೇಳಿ, ಹೆಚ್ಚು ಟಿಕ್ ಬಿದ್ದದ್ದನ್ನು ಮೊದಲೇ ತೆರೆದಿರುವಂತೆ ಇಡಿ. ಬೇಡಿಕೆಗಳಲ್ಲಿ ಯಾವುದು ಮೊದಲು ಮಾಡಬೇಕು ಎಂದು ತಿಳಿಯಲು ಮೇಜಿನ ಮೇಲೆ ಬೇಡಿಕೆ ಬರೆದ ಚೀಟಿ ಹರಡಿ, ಪ್ರತಿಯೊಬ್ಬರ ಕೈಗೆ 10 ಹುಣಸೆ ಬೀಜ ಕೊಡಿ. ಎಲ್ಲಿ ಬೇಕೋ ಅಲ್ಲಿ ಎಷ್ಟು ಬೇಕೋ ಅಷ್ಟು ಇಡಲಿ. ಬಾಯಲ್ಲಿ ಹನ್ನೆರಡಕ್ಕೂ ‘ಬೇಕು’ ಎಂದವರು ಏಳು ಬೀಜವನ್ನು ಒಂದೇ ಚೀಟಿಯ ಮೇಲೆ ಸುರಿದಾಗ ನಿಜವಾದ ತೊಂದರೆ ಕಾಣುತ್ತದೆ. ಸಾಹುಕಾರರನ್ನೂ ಗುಮಾಸ್ತರನ್ನೂ ಒಂದೇ ಮೇಜಿಗೆ ಕೂರಿಸಬೇಡಿ, ಗುಮಾಸ್ತ ತನ್ನ ಬೀಜವನ್ನು ಸಾಹುಕಾರರ ಚೀಟಿಯ ಮೇಲೇ ಇಡುತ್ತಾನೆ.

ತೆರೆದ ಮತದಾನದಲ್ಲಿ ಹೆಸರು ಕೇಳುವಾಗ 2016ರ ಬ್ರಿಟನ್ನಿನ ಸಂಶೋಧನಾ ಹಡಗು ನೆನಪಿರಲಿ. ಜನ ತಮಾಷೆಗೆ ‘ಬೋಟಿ ಮೆಕ್‌ಬೋಟ್‌ಫೇಸ್’ ಅನ್ನು ಗೆಲ್ಲಿಸಿದರು. ಹಡಗಿಗೆ ಸರ್ ಡೇವಿಡ್ ಅಟೆನ್‌ಬರೊ ಹೆಸರಿಟ್ಟು, ಗೆದ್ದ ಹೆಸರನ್ನು ಒಂದು ಪುಟ್ಟ ಜಲಾಂತರ ಯಂತ್ರಕ್ಕೆ ಕೊಟ್ಟು ಸಮಾಧಾನ ಮಾಡಬೇಕಾಯಿತು. ಆಯ್ಕೆಗಳನ್ನು ನೀವು ಕೊಡಿ, ಮೂರೋ ನಾಲ್ಕೋ, ಎಲ್ಲವೂ ನಿಮಗೆ ಒಪ್ಪಿಗೆಯಾದವು.

ಒಮ್ಮತ ಬರದಿದ್ದರೆ ‘ಸೆಟ್ಟಿಂಗ್ ಕೊಟ್ಟುಬಿಡೋಣ’ ಎನ್ನುವುದು ಸೋಮಾರಿಯ ದಾರಿ. ಇದೆ-ಇಲ್ಲ ಎಂಬ 10 ಸೆಟ್ಟಿಂಗ್ ಆದರೆ 1,024 ಬಗೆಯ ಸಾಫ್ಟ್‌ವೇರ್ ಆಯಿತು. ಫೋನಿನಲ್ಲಿ ಯಾರೋ ‘ಬರವಲ್ದು’ ಎಂದಾಗ ಅವರ ಮುಂದಿರುವುದು ಅದರಲ್ಲಿ ಯಾವುದು ಎಂದು ಹುಡುಕುವುದೇ ಕೆಲಸವಾಗುತ್ತದೆ. ಕನ್ನಡ-ತೆಲುಗು, ಚೀಲ-ಕ್ವಿಂಟಲ್, ಕಾಗದದ ಗಾತ್ರ: ಇಷ್ಟಕ್ಕೆ ಸೆಟ್ಟಿಂಗ್ ಸಾಕು.

ಒಬ್ಬನೇ ಬೇಡ ಎಂದರೆ

39 ಅಂಗಡಿ ಚೆನ್ನಾಗಿದೆ ಎಂದು, ಒಬ್ಬ ಲೆಕ್ಕಿಗ ‘ಹಮಾಲಿ ಎರಡು ಸಲ ಕಡಿತ ಆಗಕತ್ತದ’ ಎಂದರೆ ಯಾರ ಮಾತು ತೂಕ? ಇಂಟರ್ನೆಟ್ಟಿನ ನಿಯಮಾವಳಿ ರೂಪಿಸುವ ಐಇಟಿಎಫ್ ಸಂಸ್ಥೆ ಇದನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದೆ. ಅಲ್ಲಿ ಮತದಾನವಿಲ್ಲ, ಒರಟು ಒಮ್ಮತ ಮತ್ತು ಓಡುವ ಕೋಡ್ ಸಾಕು ಎಂದು ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಕ್ಲಾರ್ಕ್ 1992ರಲ್ಲಿ ಹೇಳಿದ ಮಾತೇ ಅವರ ನಡೆ. ಸಭೆಯಲ್ಲಿ ಕೈ ಎತ್ತಿಸುವ ಬದಲು ಹೂಂಗುಟ್ಟಿಸಿ ಒಲವು ತಿಳಿಯುತ್ತಾರೆ. 2014ರ ಆರ್‌ಎಫ್‌ಸಿ 7282 ಎಂಬ ಅವರ ದಾಖಲೆ ಇದನ್ನು ಬಿಡಿಸಿ ಹೇಳುತ್ತದೆ: ಎಷ್ಟು ಜನ ಒಪ್ಪಿದರು ಎಂಬುದಲ್ಲ, ಎತ್ತಿದ ಆಕ್ಷೇಪಕ್ಕೆ ಉತ್ತರ ಸಿಕ್ಕಿತೇ ಎಂಬುದು ಮುಖ್ಯ. ನಿಮ್ಮ ವಹಿಗೆ ಎಂಟನೇ ಕಾಲಂ ಸೇರಿಸಿ: ಆಕ್ಷೇಪ ಮತ್ತು ಉತ್ತರ. ಉತ್ತರದ ಜಾಗ ಖಾಲಿ ಇರುವ ತನಕ ಆ ಬದಲಾವಣೆ ಹೊರಗೆ ಹೋಗಬಾರದು. ‘ನನಗೆ ಇಷ್ಟ ಇಲ್ಲ’ ಎಂಬುದು ಆಕ್ಷೇಪವಲ್ಲ. ‘ಹೀಗೆ ಮಾಡಿದರೆ ಇಂಥಲ್ಲಿ ಇಷ್ಟು ತಪ್ಪುತ್ತದೆ’ ಎಂಬುದು ಆಕ್ಷೇಪ.

ಬಿಡುಗಡೆ, ಬೈಗುಳ, ಹಿಂತೆಗೆತ

ಏನೇ ಬದಲಿಸಿದರೂ ಮೊದಲ ಎರಡು ವಾರ ಬೈಗುಳ ಬರುತ್ತದೆ. ಅದರಲ್ಲಿ ಹೆಚ್ಚಿನದು ಕೈ ಅಭ್ಯಾಸದ ನೋವು. ಎಲ್ಲವನ್ನೂ ಹಾಗೆಂದು ತಳ್ಳಿಹಾಕಿದರೂ ಕೆಡುತ್ತೀರಿ: 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ ತೆಗೆದದ್ದಕ್ಕೆ ಬಂದ ಗೊಣಗಾಟ ತಣ್ಣಗಾಗಲೇ ಇಲ್ಲ, 2013ರ 8.1ರಲ್ಲಿ ಬಟನ್, 2015ರ ವಿಂಡೋಸ್ 10ರಲ್ಲಿ ಮೆನು ಮರಳಿ ಬಂದವು. ಎರಡನ್ನೂ ಬೇರೆ ಮಾಡುವುದು ಅಳತೆಯಿಂದ. ಬದಲಾವಣೆಗೆ ಮೊದಲು ಒಂದು ಪಟ್ಟಿಗೆ ಹಿಡಿಯುವ ಹೊತ್ತನ್ನು ಸಾಫ್ಟ್‌ವೇರೇ ಬರೆದಿಡಲಿ; ಪ್ರತಿ ಅಂಗಡಿಯ 100 ಪಟ್ಟಿಯ ಮಧ್ಯಾಂಕ (ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ತೆಗೆಯಿರಿ. ಸರಾಸರಿ ಬೇಡ, ನಡುವೆ ಗುಮಾಸ್ತ ಊಟಕ್ಕೆ ಎದ್ದುಹೋದ ಒಂದು ಪಟ್ಟಿ ಸರಾಸರಿಯನ್ನೇ ಕೆಡಿಸುತ್ತದೆ. ನಾಲ್ಕು ವಾರವಾದರೂ ಮಧ್ಯಾಂಕ ಹಳೆಯದಕ್ಕಿಂತ ಹೆಚ್ಚೇ ಇದ್ದರೆ ದೋಷ ವಿನ್ಯಾಸದ್ದು, ಹಿಂತೆಗೆಯಿರಿ. ಈ ಷರತ್ತನ್ನು ಬಿಡುಗಡೆಗೆ ಮೊದಲೇ ಬರೆದಿಡಿ, ಆಮೇಲೆ ಬರೆದರೆ ಮನಸ್ಸು ತನಗೆ ಬೇಕಾದಂತೆ ಬರೆಯುತ್ತದೆ.

ಮೊದಲು 4 ಅಂಗಡಿ, ಒಂದು ವಾರ ಬಿಟ್ಟು 12, ಆಮೇಲೆ 40. ಆ ನಾಲ್ಕರಲ್ಲಿ ಒಬ್ಬರಾದರೂ ಸದಾ ಗೊಣಗುವವರಿರಲಿ. ಹತ್ತಿ, ಭತ್ತ ಬರುವ ನವೆಂಬರ್-ಡಿಸೆಂಬರ್‌ನಲ್ಲಿ, ಹೊಸ ವಹಿ ಪೂಜೆ ಮಾಡುವ ದೀಪಾವಳಿಯ ವಾರದಲ್ಲಿ, ಮಾರ್ಚ್ ಕೊನೆಯಲ್ಲಿ ಏನನ್ನೂ ಬದಲಿಸಬೇಡಿ. ಹಳೆಯ ಪರದೆಗೆ ಹೋಗುವ ದಾರಿ ಒಂದು ಸುಗ್ಗಿಯಷ್ಟಾದರೂ ತೆರೆದಿರಲಿ, ಎಷ್ಟು ಜನ ಅದರಲ್ಲಿ ಹೋಗುತ್ತಾರೆ ಎಂದೂ ಎಣಿಸಿ.

ಇಲ್ಲ ಎನ್ನುವುದನ್ನು ಏಳು ದಿನದೊಳಗೆ ಹೇಳಿ. ಮೌನವನ್ನು ಜನ ‘ಮಾಡ್ತಾರ’ ಎಂದೇ ಓದುತ್ತಾರೆ. ಗ್ರೂಪಿನಲ್ಲಿ ಹೀಗೆ ಬರೆಯಬಹುದು: ‘ಅಳಿಸುವ ಬಟನ್ ಬರುವುದಿಲ್ಲ. ನಾಳೆ ಲೆಕ್ಕ ಕೇಳಿದರೆ ಅಳಿಸಿದ ಪಟ್ಟಿಗೆ ಉತ್ತರ ಕೊಡಬೇಕಾದವರು ನೀವೇ. ಅದರ ಬದಲು ಮೂರು ಬಂದಿವೆ: ರೈತರ ಹೆಸರಿನ ಜತೆ ಊರು, ತೂಕ ತಪ್ಪಿದರೆ ಎಚ್ಚರಿಕೆ, ರದ್ದು ಬಟನ್. ಇವುಗಳಿಂದಲೂ ಆಗದ ಕೆಲಸ ಇದ್ದರೆ ಆ ಪಟ್ಟಿಯ ನಂಬರ್ ಕಳಿಸಿರಿ.’ ಕೊನೆಯ ಸಾಲು ಬಹಳ ಕೆಲಸ ಮಾಡುತ್ತದೆ. ಆಸೆ ಇದ್ದವರು ನಂಬರ್ ಕಳಿಸುವುದಿಲ್ಲ, ತೊಂದರೆ ಇದ್ದವರು ಅದೇ ರಾತ್ರಿ ಕಳಿಸುತ್ತಾರೆ.

ಹಾಗೆ ಬಂದ ನಂಬರುಗಳನ್ನು ಅದೇ ಬೇಡಿಕೆಯ ಸಾಲಿಗೆ ಸೇರಿಸುತ್ತ ಹೋಗಿ, ಸಾಲನ್ನು ಮುಚ್ಚಬೇಡಿ. ವಾರಕ್ಕೆ ಎಷ್ಟು ಪಟ್ಟಿ ರದ್ದಾಗುತ್ತಿವೆ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಇಳಿಯುತ್ತಿದ್ದರೆ ಹೆಸರಿನ ಗೊಂದಲ ಕಳೆದಿದೆ. ಒಂದೇ ಅಂಗಡಿಯಲ್ಲಿ ಮಾತ್ರ ಏರುತ್ತಿದ್ದರೆ ಅಲ್ಲಿ ಹೊಸ ಗುಮಾಸ್ತ ಬಂದಿರಬೇಕು, ಅಥವಾ ಹಿಂದೆ ಏನೂ ಹೇಳದೆ ನಕ್ಕವರದ್ದೇ ಆ ಅಂಗಡಿ ಇರಬೇಕು. ಕಿರ್ದಿ ತೆರೆದು ರದ್ದಾದ ಹೊತ್ತುಗಳನ್ನು ಒಮ್ಮೆ ನೋಡಿ.